ತೀರ್ಪಿಗೆ ಮೊದಲೇ ಬರುವ ಪುಸ್ತಕ

ಕೊಲೆ ಮೊಕದ್ದಮೆಯೊಂದು ಇತ್ಯರ್ಥವಾಗುವ ಮುನ್ನವೇ ಅದರ ಕುರಿತು ಪುಸ್ತಕ ಬರೆಯಬಹುದೇ? ಬರೆಯಬಾರದು ಎನ್ನುವವರ ವಾದ ಮೇಲ್ನೋಟಕ್ಕೆ ಬಲವಾದದ್ದೇ. ತಪ್ಪು ಸಾಬೀತಾಗುವವರೆಗೆ ಆರೋಪಿ ನಿರಪರಾಧಿ. ಸತ್ತವರ ಮನೆಯವರ ದುಃಖ ಇನ್ನೂ ಆರಿರುವುದಿಲ್ಲ. ಸಾಕ್ಷಿ ನುಡಿಯಬೇಕಾದವರು ತಾವು ಕಂಡದ್ದನ್ನೂ ಓದಿದ್ದನ್ನೂ ಬೆರೆಸಿಬಿಡುವ ಅಪಾಯವಿದೆ. ಆದ್ದರಿಂದ ಲೇಖಕ ಕಾಯಬೇಕು ಎನ್ನುತ್ತಾರೆ. ಆದರೆ ಎಲ್ಲಿಯವರೆಗೆ ಎಂದು ಕೇಳಿದೊಡನೆ ಈ ವಾದ ತಡವರಿಸತೊಡಗುತ್ತದೆ.

ಆರುಷಿ ಪ್ರಕರಣವನ್ನೇ ನೋಡಿ. 2008ರ ಮೇ 16ರಂದು ನೋಯಿಡಾದ ಜಲವಾಯು ವಿಹಾರದ ಫ್ಲ್ಯಾಟ್‌ನಲ್ಲಿ, 14 ತುಂಬಲು ಕೆಲವೇ ದಿನ ಬಾಕಿಯಿದ್ದ ಆ ಬಾಲಕಿಯ ಶವ ಸಿಕ್ಕಿತು. ಮನೆಗೆಲಸದ ಹೇಮರಾಜನೇ ಕೊಲೆಗಾರನೆಂದು ಪೊಲೀಸರು ತಕ್ಷಣ ಘೋಷಿಸಿದರು. ಮರುದಿನ ಅದೇ ಮನೆಯ ತಾರಸಿಯ ಮೇಲೆ ಹೇಮರಾಜನ ಹೆಣ ಪತ್ತೆಯಾಯಿತು. ವಾರದೊಳಗೆ ಬಾಲಕಿಯ ತಂದೆಯ ಬಂಧನ. ಜೊತೆಗೆ ಆ ಕುಟುಂಬದ ಖಾಸಗಿ ಬದುಕನ್ನು ಬೀದಿಗೆಳೆದ ಪತ್ರಿಕಾಗೋಷ್ಠಿ. ಬಳಿಕ ಬಂದ ಸಿಬಿಐ ಮೂವರು ಕೆಲಸಗಾರರನ್ನು ಬಂಧಿಸಿ, ಸಾಕ್ಷ್ಯ ಸಾಲದೆ ಬಿಟ್ಟಿತು. 2010ರ ಡಿಸೆಂಬರ್‌ನಲ್ಲಿ ಅದು ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿದಾಗ ನ್ಯಾಯಾಲಯ ಅದನ್ನು ಒಪ್ಪದೆ ತಂದೆತಾಯಿಯರಿಬ್ಬರನ್ನೂ ವಿಚಾರಣೆಗೆ ಕರೆಯಿತು. 2013ರ ನವೆಂಬರ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಅದರ ವಿರುದ್ಧ ಸಿಬಿಐ ಸಲ್ಲಿಸಿದ ಮೇಲ್ಮನವಿಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಅಂಗೀಕರಿಸಿತು.

ವಿಚಾರಣೆಯನ್ನು ಪತ್ರಿಕೆಗಾಗಿ ವರದಿ ಮಾಡಿದ್ದ ಅವಿರೂಕ್ ಸೇನ್ ಅವರ ‘ಆರುಷಿ’ ಪ್ರಕಟವಾದದ್ದು 2015ರಲ್ಲಿ. ಆಗ ದಂಪತಿ ಸೆರೆಮನೆಯಲ್ಲಿದ್ದರು, ಮೇಲ್ಮನವಿ ಬಾಕಿಯಿತ್ತು. ಇದು ಅವಸರವೇ? ವಿಚಾರಣಾ ನ್ಯಾಯಾಲಯದ ತೀರ್ಪೇ ಇತ್ಯರ್ಥವೆಂದಾದರೆ ಸೇನ್ ಕಾದಿದ್ದರು. ಆದರೆ ಆ ತೀರ್ಪೇ ಮುಂದೆ ಉಳಿಯಲಿಲ್ಲ. ಕೊನೆಯ ಮೇಲ್ಮನವಿ ಮುಗಿದರೆ ಮಾತ್ರ ಇತ್ಯರ್ಥ ಎನ್ನುವುದಾದರೆ, ಹತ್ತು ವರ್ಷಗಳ ಬಳಿಕವೂ ಅವರು ಲೇಖನಿ ಮುಟ್ಟುವಂತಿರಲಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಕಣ್ಣಿಗೂ ಮೇಲ್ಮನವಿಯ ಹಾದಿ ಪೂರ್ತಿ ಮುಗಿಯುವವರೆಗೆ ಪ್ರಕರಣ ‘ಬಾಕಿ’ಯೇ. ಅಮೆರಿಕದಂತೆ ನಮ್ಮಲ್ಲಿ ಜ್ಯೂರಿಯಿಲ್ಲ. ಪುಸ್ತಕ ಓದಿ ನ್ಯಾಯಾಧೀಶರ ಮನಸ್ಸು ಕೆಡುತ್ತದೆ ಎಂಬ ಭಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸಾಕ್ಷಿಗಳ ವಿಷಯ ಬೇರೆ. ಆದರೆ ಈ ಪ್ರಕರಣದಲ್ಲಿ ಸಾಕ್ಷಿಗಳ ಪಾಟೀಸವಾಲು ಆಗಲೇ ಮುಗಿದುಹೋಗಿತ್ತು.

ಇನ್ನೊಂದು ಮಾತಿದೆ. ಇತ್ಯರ್ಥದವರೆಗೆ ಕಾಯುವುದು ಎಚ್ಚರದ ಲೇಖಕನೊಬ್ಬನೇ. ಪೊಲೀಸ್ ಪತ್ರಿಕಾಗೋಷ್ಠಿ ಕಾಯುವುದಿಲ್ಲ. ಟೀವಿ ಸ್ಟುಡಿಯೋ ಸಂಜೆಯವರೆಗೂ ಕಾಯುವುದಿಲ್ಲ. 2008ರ ಬೇಸಿಗೆಯಲ್ಲಿ ದೇಶ ಕೇಳಿದ ಕಥೆಯನ್ನು ಕಟ್ಟಿದವರು ಇವರೇ. ಅದಕ್ಕೆದುರಾಗಿ ಕಡತಗಳನ್ನು ಓದಿ, ನ್ಯಾಯಾಲಯದ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕುಳಿತು ಬರೆದವನಿಗೆ ‘ಇನ್ನೂ ಸಮಯವಾಗಿಲ್ಲ’ ಎನ್ನುವುದು ನ್ಯಾಯದ ಪರವಾದ ಮಾತೆಂದು ನನಗೆ ತೋರುವುದಿಲ್ಲ. ಜೈಲಿನೊಳಗಿದ್ದವರಿಗೆ ಪುಸ್ತಕದ ಅಗತ್ಯವಿದ್ದದ್ದು ಆಗಲೇ, ಬಿಡುಗಡೆಯ ನಂತರವಲ್ಲ.

ಕಾಯುವುದು ತಾನಾಗಿ ಸಾತ್ವಿಕವೂ ಅಲ್ಲ. ಟ್ರೂಮನ್ ಕಪೋಟೆಯ ‘ಇನ್ ಕೋಲ್ಡ್ ಬ್ಲಡ್’ ಈ ಪ್ರಕಾರದ ಆದಿಗ್ರಂಥವೆಂಬಂತೆ ಹೆಸರಾಗಿದೆ. ಕಾನ್ಸಾಸ್‌ನ ರೈತ ಕುಟುಂಬವೊಂದರ ನಾಲ್ವರ ಕೊಲೆ ನಡೆದದ್ದು 1959ರ ನವೆಂಬರ್‌ನಲ್ಲಿ. ಕೊಲೆಗಾರರಿಬ್ಬರನ್ನು ಗಲ್ಲಿಗೇರಿಸಿದ್ದು 1965ರ ಏಪ್ರಿಲ್‌ನಲ್ಲಿ. ಅದೇ ವರ್ಷ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಮರುವರ್ಷದ ಆರಂಭದಲ್ಲಿ ಪುಸ್ತಕವಾಗಿ ಕೃತಿ ಹೊರಬಂತು. ಲೇಖಕ ಅಂತ್ಯದವರೆಗೆ ಕಾದ, ನಿಜ. ಆದರೆ ಆ ಅಂತ್ಯವೆಂದರೆ ಅವನೊಡನೆ ವರ್ಷಗಟ್ಟಲೆ ಮಾತನಾಡಿದ, ಅವನಿಗೆ ಪತ್ರ ಬರೆದ ಇಬ್ಬರ ನೇಣು. ಅವರ ಪ್ರತಿಯೊಂದು ಮೇಲ್ಮನವಿಯೂ ಅವನ ಕೃತಿಯನ್ನು ಮುಂದೂಡುತ್ತಿತ್ತು. ತನ್ನ ಕಥಾನಾಯಕರು ಸತ್ತರೆ ಮಾತ್ರ ಪುಸ್ತಕ ಮುಗಿಯುವಂಥ ಕಾಯುವಿಕೆಯನ್ನು ನಾವು ಯಾವ ಬಾಯಿಂದ ಸಂಯಮವೆಂದು ಕರೆಯೋಣ?

ಹಾಗೆಂದು ಏನನ್ನಾದರೂ, ಹೇಗಾದರೂ ಬರೆಯಬಹುದೆಂದು ನನ್ನ ವಾದವಲ್ಲ. ಮರಣದಂಡನೆಗೊಳಗಾಗಿದ್ದ ಆಟೋ ಶಂಕರನ ಆತ್ಮಕಥೆಯನ್ನು ತಮಿಳು ವಾರಪತ್ರಿಕೆ ‘ನಕ್ಕೀರನ್’ ಪ್ರಕಟಿಸಹೊರಟಾಗ ಅಧಿಕಾರಿಗಳು ತಡೆಯಲೆತ್ನಿಸಿದರು. 1994ರಲ್ಲಿ ಸುಪ್ರೀಂ ಕೋರ್ಟ್, ಪ್ರಕಟಣೆಯನ್ನು ಮುಂಚಿತವಾಗಿ ತಡೆಯುವ ಅಧಿಕಾರ ಅವರಿಗಿಲ್ಲವೆಂದಿತು. ನ್ಯಾಯಾಲಯದ ದಾಖಲೆಯಂಥ ಸಾರ್ವಜನಿಕ ದಾಖಲೆಗಳ ಆಧಾರದಲ್ಲಿ ಬರೆಯಬಹುದು, ಅದರಾಚೆಗೆ ವ್ಯಕ್ತಿಯ ಖಾಸಗಿತನವನ್ನು ಕೆದಕಿದರೆ ಪರಿಣಾಮಕ್ಕೆ ಬರೆದವನೇ ಹೊಣೆ ಎಂದೂ ಹೇಳಿತು. ಕಾನೂನಿನ ಮಟ್ಟಿಗೆ ಈ ಗೆರೆ ಸಾಕು.

ನಮ್ಮ ಗೌರಿ ಲಂಕೇಶ್ ಅವರ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ವಿಚಾರಣೆ ಆರಂಭವಾದದ್ದೇ 2022ರಲ್ಲಿ. ಚಿದಾನಂದ ರಾಜಘಟ್ಟ ಅವರು 2018ರಲ್ಲಿಯೂ ಅಮೆರಿಕದ ರೋಲೊ ರೋಮಿಗ್ 2024ರಲ್ಲಿಯೂ ಆ ಬಗ್ಗೆ ಪುಸ್ತಕ ತಂದಾಗ ತೀರ್ಪು ಬಂದಿರಲಿಲ್ಲ. ಗೌರಿ ಯಾರು, ಏನು ಬರೆದರು, ಯಾವ ಕಾಲದಲ್ಲಿ ಬದುಕಿದರು ಎಂಬುದನ್ನು ಹೇಳಲು ತೀರ್ಪು ಬೇಕಾಗಿಯೂ ಇಲ್ಲ. ಆರೋಪಿಗಳಲ್ಲಿ ಯಾರ ಪಾತ್ರವೆಷ್ಟು ಎಂದು ತೀರ್ಮಾನಿಸಲು ಬೇಕು.

ನನ್ನ ತಕರಾರಿರುವುದು ಇಲ್ಲಿಯೇ. ವ್ಯವಸ್ಥೆ ಪ್ರಕರಣವನ್ನು ಹೇಗೆ ನಡೆಸಿತು ಎಂಬುದನ್ನು ಎಂದಾದರೂ ಬರೆಯಬಹುದು. ಯಾರು ಕೊಂದರು ಎಂದು ಮಾತ್ರ ಲೇಖಕ ಮುಗಿಸಬಾರದು. ಅಪರಾಧ ಕಥನದ ಓದುಗನಿಗೆ ಅಪರಾಧಿ ಬೇಕು, ಪ್ರಕಾಶಕನಿಗೂ. ತಂದೆತಾಯಿಯರು ಮಾಡಿಲ್ಲ ಎಂದು ಮನವರಿಕೆಯಾದೊಡನೆ ಓದುಗನ ಮನಸ್ಸು ‘ಹಾಗಾದರೆ ಇನ್ನಾರು’ ಎಂದು ಸುತ್ತ ನೋಡುತ್ತದೆ. ಸೇನ್ ಅವರ ಪುಸ್ತಕವನ್ನು ಓದುವಾಗ ನನ್ನ ಮನಸ್ಸೂ ನೋಡಿತು. ಅದೇ ವರ್ಷ ತೆರೆಕಂಡ ಮೇಘನಾ ಗುಲ್ಜಾರ್ ಅವರ ‘ತಲ್ವಾರ್’ ಹೆಸರುಗಳನ್ನು ಬದಲಿಸಿ, ಕೆಲಸಗಾರರೇ ಕೊಂದಂಥ ಆವೃತ್ತಿಯನ್ನೂ ದೃಶ್ಯವಾಗಿಸಿ ತೋರಿಸಿತು. ಪರದೆಯ ಮೇಲೆ ಒಮ್ಮೆ ಕಂಡದ್ದನ್ನು ಸಾಧ್ಯತೆಯೆಂದು ಮಾತ್ರ ನೆನಪಿಟ್ಟುಕೊಳ್ಳುವ ಪ್ರೇಕ್ಷಕರು ಎಷ್ಟು ಮಂದಿ?

ಆ ಮೂವರ ಮೇಲೆ ಆರೋಪಪಟ್ಟಿಯೇ ಸಲ್ಲಿಕೆಯಾಗಲಿಲ್ಲ. ವಿಚಾರಣೆ ನಡೆಯದ ಕಾರಣ ಅವರನ್ನು ಖುಲಾಸೆ ಮಾಡುವ ತೀರ್ಪೂ ಬರುವಂತಿಲ್ಲ. ವೈದ್ಯ ದಂಪತಿಗೆ ಪುಸ್ತಕ ಸಿಕ್ಕಿತು, ಸಿನಿಮಾ ಸಿಕ್ಕಿತು, ಕೊನೆಗೆ ಹೈಕೋರ್ಟ್ ಕೂಡ ಸಿಕ್ಕಿತು. ಒಂದು ದಿನದ ಮಟ್ಟಿಗೆ ಕೊಲೆಗಾರನೆನಿಸಿ, ಮರುದಿನ ಹೆಣವಾಗಿ ಸಿಕ್ಕ ಹೇಮರಾಜ ನೇಪಾಳದಿಂದ ದುಡಿಯಲು ಬಂದವನು. ಎರಡು ಕೊಲೆಗಳ ಆ ಪ್ರಕರಣವನ್ನು ಕುರಿತ ಪುಸ್ತಕದ ರಕ್ಷಾಪುಟದಲ್ಲಿರುವುದು ಒಂದೇ ಹೆಸರು.