ಎಂಜಿನ್ ಬದಲಿಸಿದರೆ ಸಾಕೆ?

ಸಣ್ಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದರೆ ಕಾರು ಉತ್ತಮವಾಗುತ್ತದೆಯೆ? ಹೌದೆಂದು ಯಾರಾದರೂ ಥಟ್ಟನೆ ಹೇಳಿಯಾರು. ಆದರೆ ಇಂಗ್ಲೆಂಡಿನ ಪ್ರಸಿದ್ಧ ಸ್ಪೋರ್ಟ್ಸ್ ಕಾರೊಂದಕ್ಕೆ ಎರಡು ಬಾರಿ ಬೇರೆ ಎಂಜಿನ್ ಅಳವಡಿಸಿದ ಕಥೆ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ ಎನಿಸುತ್ತದೆ.

1962ರಲ್ಲಿ ಅಬಿಂಗ್ಡನ್ ಎಂಬ ಊರಿನ ಎಂ.ಜಿ. ಕಾರ್ಖಾನೆಯಿಂದ ‘ಎಂಜಿಬಿ’ ಕಾರು ಹೊರಬಂತು. ಅದರದು ಎರಕದ ಕಬ್ಬಿಣದ, ನಾಲ್ಕು ಸಿಲಿಂಡರಿನ, 1798 ಸಿ.ಸಿ. ಎಂಜಿನ್. ಶಕ್ತಿ ಸುಮಾರು 95 ಅಶ್ವಶಕ್ತಿ. ತಿರುವುಗಳಲ್ಲಿ ಹೇಳಿದಂತೆ ಕೇಳುತ್ತಿದ್ದ ಈ ಕಾರನ್ನು ಜನ ಮೆಚ್ಚಿದರು. ಜೊತೆಗೆ ಇನ್ನಷ್ಟು ವೇಗವನ್ನೂ ಬಯಸಿದರು.

1967ರಲ್ಲಿ ಕಂಪೆನಿ ಅದೇ ಕಾರಿಗೆ ಆರು ಸಿಲಿಂಡರಿನ 2912 ಸಿ.ಸಿ. ಎಂಜಿನ್ ಹಾಕಿ ‘ಎಂಜಿಸಿ’ ಎಂದು ಹೆಸರಿಟ್ಟಿತು. ಶಕ್ತಿ 145ಕ್ಕೆ ಏರಿತು. ಆದರೆ ಈ ಎಂಜಿನ್ನೂ ಕಬ್ಬಿಣದ್ದೇ. ಕಾರಿನ ಮೂತಿಯ ಮೇಲೆ ಸುಮಾರು 95 ಕಿಲೋ ಹೆಚ್ಚುವರಿ ಭಾರ ಬಿತ್ತು. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಕಾರು ತಿರುವಿನಲ್ಲಿ ಮೊಂಡುತನ ತೋರುತ್ತದೆಂದು ಪರೀಕ್ಷಿಸಿದ ಪತ್ರಕರ್ತರು ಬರೆದರು. 1969ರಲ್ಲೇ ಅದರ ತಯಾರಿಕೆ ನಿಂತಿತು.

ಇದರ ಕಾರಣ ನ್ಯೂಟನ್ನನ ಮೊದಲನೆಯ ನಿಯಮದಲ್ಲೇ ಇದೆ. ಚಲಿಸುವ ವಸ್ತು ನೇರವಾಗಿ ಹೋಗಲು ಬಯಸುತ್ತದೆ. ರಾಶಿ ಹೆಚ್ಚಿದಷ್ಟೂ ಈ ಹಟ ಹೆಚ್ಚು. ಆ ರಾಶಿ ತುದಿಯಲ್ಲಿದ್ದರಂತೂ ಇನ್ನೂ ಕಷ್ಟ. ಕೋಲಿನ ತುದಿಗೆ ಒಂದು ಕಲ್ಲು ಕಟ್ಟಿ ಎಡಕ್ಕೂ ಬಲಕ್ಕೂ ಬೀಸಿ ನೋಡಿ. ಅದೇ ಕಲ್ಲನ್ನು ಕೈಯ ಹತ್ತಿರ ಕಟ್ಟಿ ಮತ್ತೆ ಬೀಸಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಎತ್ತಿನ ಗಾಡಿಗೆ ಹೇರು ಹಾಕುವ ರೈತ ಮುಂಭಾರ, ಹಿಂಭಾರ ನೋಡಿಯೇ ಮೂಟೆ ಜೋಡಿಸುತ್ತಾನಲ್ಲವೆ?

ಎರಡನೆಯ ಎಂಜಿನ್ ಬಂದದ್ದು ಅಮೆರಿಕದಿಂದ. ಬ್ಯೂಕ್ ಕಂಪೆನಿ 1961ರಿಂದ 1963ರವರೆಗೆ ಬಳಸಿ ಕೈಬಿಟ್ಟಿದ್ದ ವಿ-8 ಎಂಜಿನ್ನಿನ ಹಕ್ಕನ್ನು ಬ್ರಿಟನ್ನಿನ ರೋವರ್ ಕಂಪೆನಿ ಕೊಂಡಿತ್ತು. ಗಾತ್ರ 3528 ಸಿ.ಸಿ., ಅಂದರೆ ಎಂಜಿಬಿಯ ಮೂಲ ಎಂಜಿನ್ನಿನ ಸುಮಾರು ಎರಡರಷ್ಟು. ಆದರೂ ತೂಕ ಹೆಚ್ಚುಕಡಿಮೆ ಅಷ್ಟೇ! ಗುಟ್ಟು ಅಲ್ಯೂಮಿನಿಯಂನಲ್ಲಿದೆ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಏಳು ಗ್ರಾಂಗೂ ಹೆಚ್ಚು ತೂಗಿದರೆ ಅಲ್ಯೂಮಿನಿಯಂ ತೂಗುವುದು 2.7 ಗ್ರಾಂ. ಜೊತೆಗೆ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿರುವುದರಿಂದ ಎಂಜಿನ್ ಗಿಡ್ಡ. ಭಾರ ಮುಂದಕ್ಕೆ ಚಾಚುವುದಿಲ್ಲ.

ಇದನ್ನು ಎಂಜಿಬಿಗೆ ಕೂರಿಸಿ ಮಾರತೊಡಗಿದವರು ಕೆನ್ ಕಾಸ್ಟೆಲೊ ಎಂಬ ಉತ್ಸಾಹಿ. ಅನಂತರ 1973ರಲ್ಲಿ ಕಂಪೆನಿಯೇ ‘ಎಂಜಿಬಿ ಜಿಟಿ ವಿ-8’ ಹೊರತಂದಿತು. ಅದರ ಶಕ್ತಿ 137, ಅಂದರೆ ಎಂಜಿಸಿಗಿಂತ ಎಂಟು ಕಡಿಮೆ! ಆದರೂ ಓಟದಲ್ಲೂ ತಿರುವಿನಲ್ಲೂ ಮೆಚ್ಚುಗೆ ಪಡೆದದ್ದು ಇದೇ.

ಎಂಜಿನ್ ಕೂರಿಸಿದ್ದಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಹೆಚ್ಚು ಇಂಧನ ಉರಿದರೆ ಹೆಚ್ಚು ಶಾಖ. ಹಾಗಾಗಿ ದೊಡ್ಡ ರೇಡಿಯೇಟರಿಗೆ ಎರಡು ವಿದ್ಯುತ್ ಫ್ಯಾನು ಬಂದವು. ಬಾನೆಟ್ಟಿಗೆ ತಾಗದಂತೆ ಕಾರ್ಬ್ಯುರೇಟರುಗಳು ಹಿಂದಕ್ಕೆ ಸರಿದವು. ಹಿಂದಿನ ಆಕ್ಸಲಿನ ಗೇರ್ ಅನುಪಾತ ಬದಲಾಯಿತು. ಬ್ರೇಕಿನ ಡಿಸ್ಕುಗಳು ದಪ್ಪವಾದವು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಗಂಟೆಗೆ 160 ಕಿ.ಮೀ.ನಿಂದ 200ಕ್ಕೆ ಏರಿದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮಿಗಿಲು. ಇಲ್ಲಿ ಲೆಕ್ಕ ತಪ್ಪಿದರೆ ಬೆಲೆ ತೆರುವುದು ಚಾಲಕನ ಜೀವ.

ದುಬಾರಿ ಬೆಲೆ, 1973ರ ತೈಲ ಬಿಕ್ಕಟ್ಟು ಎರಡೂ ಸೇರಿ ಈ ಕಾರು 1976ರಲ್ಲಿ ನಿಂತಿತು. ತಯಾರಾದದ್ದು ಬರೀ 2591. ಆದರೆ ಹಳೆಯ ಎಂಜಿಬಿಗೆ ಇದೇ ವಿ-8 ಅಳವಡಿಸುವ ಹವ್ಯಾಸ ಇಂದಿಗೂ ಉಳಿದಿದೆ.

ಹೊಸ ವಾಹನ ಕಂಡೊಡನೆ ಮಕ್ಕಳು ಕೇಳುವುದು, ‘ಎಷ್ಟು ಸಿ.ಸಿ.?’ ಕೇಳಲಿ, ತಪ್ಪಿಲ್ಲ. ಅದರ ಭಾರ ಎಲ್ಲಿದೆ, ಬ್ರೇಕು ಹೇಗಿದೆ ಎಂಬ ಪ್ರಶ್ನೆಗಳನ್ನು ಹಿರಿಯರು ಜೊತೆಗೆ ಸೇರಿಸಲಿ.