ಪ್ರಾರ್ಥನೆಯೊಡನೆ ಪರೀಕ್ಷೆಯೂ ಇರಲಿ

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವೊಂದು ನಮ್ಮೆಲ್ಲರಿಗೂ ಪರಿಚಿತವಾದುದೇ. ತಂದೆಯೊಬ್ಬನು ತನ್ನ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಹುಡುಗನು ನೆಲಕ್ಕುರುಳಿ ಒದ್ದಾಡುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಈ ಲಕ್ಷಣಗಳು ಮೂರ್ಛೆರೋಗವನ್ನು ಹೋಲುತ್ತವೆಂದು ಬೈಬಲ್ ಪಂಡಿತರನೇಕರು ಅಭಿಪ್ರಾಯಪಟ್ಟಿದ್ದಾರೆ. ಪ್ರಭುವು ಆ ಹುಡುಗನನ್ನು ಗುಣಪಡಿಸಿದುದು ನಮ್ಮ ನೆನಪಿನಲ್ಲಿದೆ. ಆದರೆ ಅದಕ್ಕೆ ಮುನ್ನ, ಈ ಸ್ಥಿತಿ ಎಂದಿನಿಂದ ಉಂಟಾಗಿದೆಯೆಂದು ಅವರು ತಂದೆಯನ್ನು ವಿಚಾರಿಸಿದುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಚಿಕ್ಕಂದಿನಿಂದಲೂ ಹೀಗಿದೆಯೆಂದು ತಂದೆ ಉತ್ತರಿಸುತ್ತಾನೆ. ಬೆಂಕಿಗೂ ನೀರಿಗೂ ಬಿದ್ದುದನ್ನು ಮರೆಮಾಚದೆ ತಿಳಿಸುತ್ತಾನೆ. ಎಲ್ಲವನ್ನೂ ಬಲ್ಲ ಪ್ರಭುವಿಗೆ ಕೇಳಬೇಕಾದ ಅಗತ್ಯವಿರಲಿಲ್ಲ, ಆದರೂ ಕೇಳಿದರು. ಇಂದಿಗೂ ನರರೋಗ ತಜ್ಞರು ಹಾಗೂ ಮನೋವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ ಆಗಿದೆ.

ಮೆದುಳು ಮತ್ತು ಮನಸ್ಸಿನ ಕಾಯಿಲೆಗಳ ವಿಷಯದಲ್ಲಿ ನಮ್ಮ ಕುಟುಂಬಗಳು ಎಡವುವುದು ಬಹುತೇಕ ಈ ಪ್ರಶ್ನೆಯ ಬಳಿಯಲ್ಲಿಯೇ. ಎದೆನೋವು ಬಂದರೆ ಅಂದೇ ಆಸ್ಪತ್ರೆಗೆ ಧಾವಿಸುತ್ತೇವೆ. ಮಗಳು ಮೈನಡುಗಿ ಬಿದ್ದರೆ, ಮಗನು ಒಬ್ಬನೇ ಮಾತನಾಡತೊಡಗಿದರೆ, ಯಾರ ಕಣ್ಣು ತಗುಲಿತೋ ಎಂದು ಯೋಚಿಸುತ್ತೇವೆ, ನೆರೆಯವರಿಗೆ ತಿಳಿಯದಂತೆ ಬಾಗಿಲು ಮುಚ್ಚುತ್ತೇವೆ. ರೋಗಕ್ಕೆ ಸರಿಯಾದ ಹೆಸರು ದೊರೆಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ಅನುಗುಣವಾಗಿ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ರೋಗವನ್ನು ಗುರುತಿಸಲು ದೊಡ್ಡ ಯಂತ್ರಗಳೇ ಬೇಕೆಂಬುದು ಹಲವರ ತಿಳುವಳಿಕೆ. ಯಂತ್ರಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಜರ್ಮನಿಯ ಹಾನ್ಸ್ ಬೆರ್ಗರ್ 1924ರಲ್ಲಿ ಮಾನವನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊಟ್ಟಮೊದಲು ದಾಖಲಿಸಿದ ನಂತರ ಇ.ಇ.ಜಿ. ಪರೀಕ್ಷೆ ಬಳಕೆಗೆ ಬಂದಿತು. ಆದರೆ ಮೂರ್ಛೆರೋಗವಿರುವವರ ಇ.ಇ.ಜಿ. ಕೂಡ ಕೆಲವೊಮ್ಮೆ ಸಹಜವಾಗಿಯೇ ಕಾಣಬಹುದು. ಆಗ ವೈದ್ಯರಿಗೆ ದಾರಿ ತೋರಿಸುವುದು ಕಣ್ಣಾರೆ ಕಂಡವರ ಮಾತು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುವ ಬಿಸಿನೀರಿನ ಮೂರ್ಛೆರೋಗದಲ್ಲಿ, ತಲೆಯ ಮೇಲೆ ಸುಡುನೀರನ್ನು ಚೊಂಬಿನಿಂದ ಒಂದರ ಹಿಂದೊಂದರಂತೆ ಹುಯ್ದುಕೊಳ್ಳುವಾಗ ಎಚ್ಚರ ತಪ್ಪುತ್ತದೆ. ನಿಮ್ಹಾನ್ಸ್‌ನ ವೈದ್ಯರು 1988ರಲ್ಲಿ ಇಂತಹ 279 ಮಂದಿಯ ವಿವರಗಳನ್ನು ಪ್ರಕಟಿಸಿದರು. ಬಚ್ಚಲಲ್ಲಿ ಗಾಳಿ ಸೋಕಿತೆಂದು ನಂಬಿ ತಾಯಿತ ಕಟ್ಟಿಸಿದವರಿಗೆ ಈ ರೋಗದ ಸುಳಿವು ಸಿಗುವುದಿಲ್ಲ. ತಲೆಸ್ನಾನದ ದಿನವೇ ಹೀಗಾಗುತ್ತದೆಂದು ತಾಯಿಯೊಬ್ಬಳು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ನೀರಿನ ಬಿಸಿಯನ್ನು ತಗ್ಗಿಸುವುದು, ತಲೆಗೆ ನೇರವಾಗಿ ಹುಯ್ಯದಿರುವುದು, ಅಗತ್ಯವಿದ್ದವರಿಗೆ ವೈದ್ಯರ ಸಲಹೆಯಂತೆ ಮಾತ್ರೆ – ಅನೇಕರಿಗೆ ಇಷ್ಟೇ ಸಾಕಾಗುತ್ತದೆ.

ಇತರ ಬಗೆಯ ಮೂರ್ಛೆರೋಗಕ್ಕೂ ಚಿಕಿತ್ಸೆ ದುಬಾರಿಯಾಗಿರಬೇಕೆಂದಿಲ್ಲ. ಡಾ. ಕೆ. ಎಸ್. ಮಣಿ ಹಾಗೂ ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಯಳಂದೂರಿನ ಹಳ್ಳಿಗಳಲ್ಲಿ ಕೈಗೊಂಡ ಕಾರ್ಯವು, ಅಗ್ಗದ ಹಳೆಯ ಮಾತ್ರೆಗಳಿಂದಲೇ ಬಹಳಷ್ಟು ಜನರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟಿತು. ಸರಿಯಾದ ರೋಗನಿದಾನ ಮತ್ತು ಚಿಕಿತ್ಸೆ ದೊರೆತರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರವರೆಗೆ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದುದರಿಂದ ಮನೆಯವರು ಗಾಬರಿಯಾಗದೆ ನೋಡುವುದನ್ನು ಕಲಿಯಬೇಕು. ಎಷ್ಟು ನಿಮಿಷ ಇತ್ತು? ಕಣ್ಣು ತೆರೆದಿತ್ತೇ, ಮುಚ್ಚಿತ್ತೇ? ನಡುಕ ದೇಹದ ಒಂದು ಬದಿಯಲ್ಲೋ, ಎರಡೂ ಬದಿಯಲ್ಲೋ? ನಾಲಿಗೆ ಕಚ್ಚಿಕೊಂಡರೇ? ಎಚ್ಚರವಾದ ಬಳಿಕ ಮಂಕು ಕವಿದಿತ್ತೇ? ಇವನ್ನು ಬರೆದಿಟ್ಟುಕೊಂಡರೆ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರೆ, ಅದು ಅಮೂಲ್ಯವಾದ ಸಾಕ್ಷ್ಯವಾಗುತ್ತದೆ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬಾರದು. ಒಂದು ಮಗ್ಗುಲಿಗೆ ಮಲಗಿಸಬೇಕು. ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಾಯಿಲೆಯನ್ನು ದೆವ್ವದ ಕಾಟವೆಂದು ತೀರ್ಮಾನಿಸಿದರೆ ಏನಾಗಬಲ್ಲದೆಂಬುದಕ್ಕೆ ನಮ್ಮ ಧರ್ಮಸಭೆಯ ಇತಿಹಾಸದಲ್ಲಿಯೇ ಕಹಿಯಾದ ಪಾಠವಿದೆ. ಜರ್ಮನಿಯ ಅನೆಲೀಸ್ ಮಿಶೆಲ್ ಎಂಬ ಭಕ್ತ ಕಥೋಲಿಕ ಕುಟುಂಬದ ಯುವತಿಗೆ 1968ರಲ್ಲಿ ಮೂರ್ಛೆ ಕಾಣಿಸಿಕೊಂಡಿತು. ವೈದ್ಯರು ಮೂರ್ಛೆರೋಗವೆಂದು ಗುರುತಿಸಿ ಔಷಧ ಕೊಟ್ಟಿದ್ದರು. ಆಮೇಲೆ ಆಕೆಗೆ ವಿಕಾರ ಮುಖಗಳು ಕಾಣತೊಡಗಿದವು. ಶಾಪದ ಧ್ವನಿಗಳು ಕೇಳತೊಡಗಿದವು. 1975ರಲ್ಲಿ ಧರ್ಮಾಧ್ಯಕ್ಷರ ಅನುಮತಿಯೊಡನೆ ಭೂತೋಚ್ಚಾಟನೆಯ ವಿಧಿ ಆರಂಭವಾಗಿ, ಹತ್ತು ತಿಂಗಳಲ್ಲಿ 67 ಬಾರಿ ನಡೆಯಿತು. ಊಟ ನೀರು ಬಿಟ್ಟು ಕೃಶಳಾಗುತ್ತಿದ್ದ ಆಕೆಯ ಬಳಿಗೆ ಕೊನೆಯ ದಿನಗಳಲ್ಲಿ ವೈದ್ಯರನ್ನು ಕರೆಸಲಿಲ್ಲ. 1976ರ ಜುಲೈ 1ರಂದು, 23ನೆಯ ವಯಸ್ಸಿನಲ್ಲಿ, ಆಕೆ ಹಸಿವು ನೀರಡಿಕೆಗಳಿಂದ ಮರಣ ಹೊಂದಿದಳು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ತಂದೆತಾಯಿಯರನ್ನೂ ಇಬ್ಬರು ಗುರುಗಳನ್ನೂ ನ್ಯಾಯಾಲಯವು 1978ರಲ್ಲಿ ತಪ್ಪಿತಸ್ಥರೆಂದು ಸಾರಿತು. ಅವರಲ್ಲಿ ಯಾರಿಗೂ ಆಕೆಯ ಮೇಲೆ ದ್ವೇಷವಿರಲಿಲ್ಲ. ಪ್ರೀತಿಯೊಂದಿದ್ದರೆ ಸಾಲದು, ವಿವೇಕವೂ ಬೇಕೆಂಬುದನ್ನು ಈ ದುರಂತ ತಿಳಿಸುತ್ತದೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1172ನೆಯ ವಿಧಿಯ ಮೇರೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಪೀಡಿತರ ಮೇಲೆ ಯಾರೂ ಭೂತೋಚ್ಚಾಟನೆ ನಡೆಸಕೂಡದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೆಯ ಪರಿಚ್ಛೇದವು, ರೋಗ, ಅದರಲ್ಲಿಯೂ ಮಾನಸಿಕ ರೋಗ, ಬೇರೆಯದೇ ವಿಷಯವೆಂದೂ ಅದರ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದುದೆಂದೂ ತಿಳಿಸುತ್ತದೆ. ಇದು ಹೊಸ ಮಾತೇನೂ ಅಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ರೋಗಿಗೆ ಪ್ರಾರ್ಥಿಸಲು ಹೇಳಿ, ಅದರೊಡನೆಯೇ ವೈದ್ಯನಿಗೂ ಎಡೆಗೊಡಲು ಹೇಳುತ್ತದೆ. ವೈದ್ಯನನ್ನೂ ದೇವರೇ ಸೃಷ್ಟಿಸಿದರೆಂದು ನೆನಪಿಸುತ್ತದೆ.

ದೆವ್ವವೆಂದು ಭ್ರಮಿಸುವಂತೆಯೇ, ಕಾಯಿಲೆಯನ್ನು ಭಕ್ತಿಯೆಂದು ಭ್ರಮಿಸುವುದೂ ಉಂಟು. ಮಾಡಿದ ಪಾಪನಿವೇದನೆಯನ್ನೇ ಮತ್ತೆಮತ್ತೆ ಮಾಡುವುದು, ಕ್ಷಮೆ ದೊರೆಯಿತೋ ಇಲ್ಲವೋ ಎಂದು ನಿದ್ದೆಗೆಡುವುದು ಕೆಲವರಲ್ಲಿ ಗೀಳು ಕಾಯಿಲೆಯ ಲಕ್ಷಣವಾಗಿರಬಹುದು. ಲೊಯೋಲಾದ ಸಂತ ಇಗ್ನೇಷಿಯಸರೇ 1522ರಲ್ಲಿ ಮನ್ರೇಸಾ ಎಂಬಲ್ಲಿ ಇಂತಹ ಅತಿಶಂಕೆಗಳಿಂದ ನರಳಿ ಜೀವವನ್ನೇ ತೊರೆಯುವ ಯೋಚನೆಗೆ ಒಳಗಾಗಿದ್ದರು. ಹಾಗೆಯೇ ಖಿನ್ನತೆಯನ್ನು ಸೋಮಾರಿತನವೆಂದೂ ವಿಶ್ವಾಸದ ಕೊರತೆಯೆಂದೂ ಹಳಿಯುತ್ತೇವೆ. ನಮ್ಮ ತಾಯಂದಿರು ದುಃಖವಾಗಿದೆಯೆಂದು ಬಾಯಿಬಿಟ್ಟು ಹೇಳುವುದು ಅಪರೂಪ; ತಲೆನೋವು, ಮೈಕೈನೋವು, ಸುಸ್ತು ಎನ್ನುತ್ತಾರೆ. ಎರಡು ವಾರಗಳಿಗೂ ಮೀರಿ ನಿದ್ದೆ, ಊಟ, ಆಸಕ್ತಿ ಕುಗ್ಗಿದ್ದರೆ ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಜೀವ ಸಾಕೆಂಬ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು.

ವೃದ್ಧರ ಮರೆವಿನ ಬಗೆಗೂ ಇದೇ ಎಚ್ಚರಿಕೆ ಅಗತ್ಯ. ವಯಸ್ಸಾಯಿತೆಂದು ಸುಮ್ಮನಾಗುವ ಮೊದಲು ಥೈರಾಯ್ಡ್ ದೋಷವಾಗಲೀ ಬಿ-12 ಜೀವಸತ್ವದ ಕೊರತೆಯಾಗಲೀ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು, ಇವೆರಡಕ್ಕೂ ಮದ್ದುಂಟು. ಪರಭಾಷೆಯ ಪ್ರಶ್ನೆಗಳಿಂದ ನೆನಪಿನ ಶಕ್ತಿಯನ್ನು ಅಳೆಯಹೊರಟರೆ, ಓದುಬರಹ ಕಲಿಯದ ಅಜ್ಜಿ ರೋಗವಿಲ್ಲದೆಯೂ ರೋಗಿಯೆನಿಸಿಕೊಳ್ಳಬಹುದು. ಇದನ್ನರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಮರೆವಿನ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡುವ ಹಿರಿಯರಾದರೆ ಜೊತೆಗೆ ಹೋದವರು ಅದನ್ನು ಮೊದಲೇ ತಿಳಿಸುವುದು ಒಳಿತು.

ಇಷ್ಟೆಲ್ಲ ಅನುಕೂಲಗಳಿದ್ದರೂ ನಮ್ಮನ್ನು ತಡೆದು ನಿಲ್ಲಿಸುವುದು ನಾಚಿಕೆ. ಮಗಳ ಸಂಬಂಧ ತಪ್ಪಿಹೋದೀತೆಂಬ ಭಯದಿಂದ ಮಾತ್ರೆಯ ಚೀಟಿಯನ್ನು ಬಚ್ಚಿಡುವ ಮನೆಗಳುಂಟು. ಹಿಂದೂ ವಿವಾಹ ಕಾಯ್ದೆ ಹಾಗೂ ವಿಶೇಷ ವಿವಾಹ ಕಾಯ್ದೆಗಳಲ್ಲಿದ್ದ ಮೂರ್ಛೆರೋಗದ ಉಲ್ಲೇಖವನ್ನು ಸಂಸತ್ತು 1999ರಲ್ಲಿಯೇ ತೆಗೆದುಹಾಕಿತು. ದೇಶದ ಕಾನೂನು ಬಿಟ್ಟುಕೊಟ್ಟ ಕಳಂಕವನ್ನು ಕ್ರೈಸ್ತ ಕುಟುಂಬಗಳು ಹೊತ್ತು ತಿರುಗುವುದು ತರವೇ?

ಧರ್ಮಕೇಂದ್ರಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ ಮೂರ್ಛೆ, ಖಿನ್ನತೆ, ಮರೆವುಗಳ ತಪಾಸಣೆಗೂ ಸ್ಥಾನ ದೊರೆಯಲಿ. ಸಲಹೆಗೆಂದು ಬಂದವರಿಗೆ ಗುರುಗಳು ಆಶೀರ್ವಾದದೊಡನೆ ವೈದ್ಯರ ವಿಳಾಸವನ್ನೂ ಕೊಡಲಿ. ಯಾರ ಬಳಿಗೆ ಹೋಗಬೇಕೆಂದು ತೋಚದವರಿಗಾಗಿ 2022ರಲ್ಲಿ ಸರಕಾರವು ಟೆಲಿ-ಮಾನಸ್ ಸೇವೆಯನ್ನು ಆರಂಭಿಸಿದೆ. 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸಂಜೆಯ ಜಪಮಾಲೆಯಲ್ಲಿ ರೋಗಿಗಾಗಿ ಪ್ರಾರ್ಥಿಸೋಣ. ಮರುದಿನ ಬೆಳಿಗ್ಗೆ ಆತನ ಕೈಹಿಡಿದು ವೈದ್ಯರ ಬಳಿಗೂ ಹೋಗೋಣ. ಅಲ್ಲಿ ಕೇಳಿದ್ದಕ್ಕೆ ಏನನ್ನೂ ಮುಚ್ಚಿಡದೆ ಉತ್ತರಿಸೋಣ.