ಕೊಂಬಿಗಿಂತ ಮೊದಲು ಮಾಂಸ

ನೀಲಗಿರಿ ಬೆಟ್ಟಗಳಲ್ಲಿ ಬೇಟೆಗೆ ಕಡಿವಾಣ ತೊಡಿಸುವ ಕಾಯ್ದೆ 1879ರಷ್ಟು ಹಿಂದೆಯೇ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳೊಂದಿಗೆ ಭಾರತದಲ್ಲಿ ಹವ್ಯಾಸದ ಬೇಟೆ ಕೊನೆಗೊಂಡಿತು. ಅಮೆರಿಕದ ಉತ್ತರದಂಚಿನ ಅಲಾಸ್ಕದಲ್ಲಿ ಅದು ಇಂದಿಗೂ ಕಾನೂನುಬದ್ಧ. ಆದರೆ ಅಲ್ಲಿನ ಬೇಟೆ ಬಂದೂಕಿನಿಂದಲ್ಲ, ಲೆಕ್ಕದ ಪುಸ್ತಕದಿಂದ ಆರಂಭವಾಗುತ್ತದೆ.

2017ರಲ್ಲಿ ಜಾರಿಗೆ ಬಂದ ದರದಂತೆ, ಇತರ ರಾಜ್ಯಗಳಿಂದ ಬರುವ ಅಮೆರಿಕನ್ನರಿಗೆ ಬೇಟೆಯ ಪರವಾನಗಿಗೆ 160 ಡಾಲರ್ ಶುಲ್ಕವಿದೆ. ಇದರ ಮೇಲೆ ಪ್ರಾಣಿಗೊಂದರಂತೆ ಪ್ರತ್ಯೇಕ ಚೀಟಿ ಕೊಳ್ಳಬೇಕು: ಜಿಂಕೆಯ ಕುಲದಲ್ಲೇ ಅತಿ ದೊಡ್ಡದಾದ ಮೂಸ್‌ಗೆ 800, ಕಂದು ಕರಡಿಗೆ 1,000 ಡಾಲರ್. ಕಂದು ಕರಡಿ, ಡಾಲ್ ಕುರಿ ಮತ್ತು ಬೆಟ್ಟದ ಮೇಕೆಯನ್ನು ಬೇಟೆಯಾಡಲು ಇವರು ಪರವಾನಗಿ ಪಡೆದ ಮಾರ್ಗದರ್ಶಕನನ್ನಾಗಲಿ, ಅಲಾಸ್ಕ ನಿವಾಸಿಯಾದ ಹತ್ತಿರದ ಸಂಬಂಧಿಯನ್ನಾಗಲಿ ಜೊತೆಗಿರಿಸಿಕೊಳ್ಳಲೇಬೇಕು. ವಿದೇಶಿಯರಿಗಾದರೆ ಯಾವ ದೊಡ್ಡ ಪ್ರಾಣಿಯ ಬೇಟೆಗೂ ಮಾರ್ಗದರ್ಶಕ ಕಡ್ಡಾಯ. ಕಂದು ಕರಡಿಯ ಬೇಟೆಯಲ್ಲಿ ಮಾರ್ಗದರ್ಶಕನ ಸಂಭಾವನೆಯೇ ಸಾಮಾನ್ಯವಾಗಿ ಇಪ್ಪತ್ತು ಸಾವಿರ ಡಾಲರನ್ನು ಮೀರುತ್ತದೆ. ಅವನ ಮುಂದೆ ಸರ್ಕಾರದ ಶುಲ್ಕ ಅಲ್ಪವೇ ಸರಿ.

ದಿನಗಳ ಲೆಕ್ಕವೂ ಹಣದ ಲೆಕ್ಕದಷ್ಟೇ ಮುಖ್ಯ. ರಸ್ತೆಯಿಲ್ಲದ ಬೇಟೆಯ ನೆಲೆಗಳಿಗೆ ಪುಟ್ಟ ವಿಮಾನವೇ ಗತಿ. ವಿಮಾನದಲ್ಲಿ ಬಂದಿಳಿದ ದಿನವೇ ದೊಡ್ಡ ಪ್ರಾಣಿಗೆ ಗುಂಡು ಹಾರಿಸುವುದನ್ನು ಸಾಮಾನ್ಯವಾಗಿ ಕಾನೂನು ನಿಷೇಧಿಸುತ್ತದೆ. ಮರುದಿನ ಬೆಳಗಿನ ಮೂರು ಗಂಟೆಯವರೆಗೆ ಕಾಯಬೇಕು. ಮಂಜು ಕವಿದರೆ ವಿಮಾನ ಹಾರದು. ಆದ್ದರಿಂದ ಯೋಜನೆಯಲ್ಲಿ ಕೆಲವು ದಿನಗಳನ್ನೂ ಕೊಂಚ ಹಣವನ್ನೂ ಹವಾಮಾನಕ್ಕೆಂದೇ ಮೀಸಲಿಡುವುದು ಜಾಣತನ.

ಹೊಸಬರು ಎಡವುವುದು ಗುಂಡು ಗುರಿ ಮುಟ್ಟಿದ ಮೇಲೆ. ಬಲಿತ ಗಂಡು ಮೂಸ್ ಒಂದರಿಂದ ಸುಮಾರು 225 ಕಿಲೋ ಮಾಂಸ ದೊರೆಯುತ್ತದೆ. ಒಬ್ಬನು ಬೆನ್ನಿನ ಮೇಲೆ 35 ಕಿಲೋ ಹೊರಬಲ್ಲನೆಂದರೂ ಕೆಸರು, ಪೊದೆಗಳ ನಡುವೆ ಏಳು ಬಾರಿ ನಡೆಯಬೇಕು. ಬಳಿಕ ವಿಮಾನದ ಹೆಚ್ಚುವರಿ ಹಾರಾಟ, ಮಾಂಸ ಕೊಯ್ದು ಶೈತ್ಯೀಕರಿಸುವ ವೆಚ್ಚ, ಮನೆಗೆ ಸಾಗಿಸುವ ಬಾಡಿಗೆ ಒಂದರ ಮೇಲೊಂದು ಬಂದು ನಿಲ್ಲುತ್ತವೆ.

ಈ ಹೊರೆಯಿಂದ ನುಣುಚಿಕೊಳ್ಳುವ ದಾರಿಯಿಲ್ಲ. ಮೂಸ್‌ನ ತಿನ್ನಲು ಯೋಗ್ಯವಾದ ಮಾಂಸವನ್ನೆಲ್ಲ ಹೊರತರಬೇಕೆಂಬುದು ಅಲಾಸ್ಕದ ನಿಯಮ. ಮಾಂಸವನ್ನು ಕಾಡಿನಲ್ಲೇ ಬಿಟ್ಟು ಕೊಂಬನ್ನು ಮೊದಲು ಸಾಗಿಸುವಂತಿಲ್ಲ. ಮಾಂಸವನ್ನು ಹಾಳುಗೆಡವಿದ ಅಪರಾಧ ಸಾಬೀತಾದರೆ ಕನಿಷ್ಠ ಏಳು ದಿನಗಳ ಸೆರೆವಾಸ, 2,500 ಡಾಲರ್ ದಂಡ. ಒಯ್ಯಲಾಗದ ಮಾಂಸವನ್ನು ನಿಗದಿತ ಪತ್ರ ಬರೆದುಕೊಟ್ಟು ಸ್ಥಳೀಯರಿಗೆ ದಾನ ಮಾಡಬಹುದು. ಕಾಡಿನ ಮಾಂಸವನ್ನೇ ಚಳಿಗಾಲದ ಆಹಾರವಾಗಿ ನೆಚ್ಚಿಕೊಂಡ ಹಳ್ಳಿಗಳಲ್ಲಿ ಅದು ಅಮೂಲ್ಯ.

ಈ ಕಾರಣದಿಂದಲೇ ಒಳ್ಳೆಯ ಬೇಟೆಯ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಬರೆಯಬೇಕು. ಕಡೆಯ ಹೊರೆ ಮಾಂಸ ಊರು ಸೇರುವ ವೆಚ್ಚವನ್ನು ಮೊದಲ ಸಾಲಿನಲ್ಲಿಡಬೇಕು. ಆ ಸಾಲನ್ನು ತುಂಬಲಾಗದವನು ಬಂದೂಕನ್ನು ಎತ್ತದಿರುವುದೇ ಲೇಸು.